ಲಾಯದ ಲೈನು

ನಮ್ಮ ಕಡೆಯ ಕಾಫಿ ತೋಟಗಳಲ್ಲಿ ಯಾರದಾದರೂ ಮನೆ ಎಲ್ಲಿ ಎಂದು ಕೇಳಿದರೆ ಬೀದಿಯ ಹೆಸರು ಬರುವುದಿಲ್ಲ, ಲೈನಿನ ಹೆಸರು ಬರುತ್ತದೆ. ಮೇಲಿನ ಲೈನು, ಕೆರೆ ಲೈನು, ಹೊಸ ಲೈನು. ಜಯಪುರಕ್ಕೆ ಹತ್ತಿರದ ಒಂದು ತೋಟದಲ್ಲಿ ಇವುಗಳ ಜೊತೆಗೆ ‘ಲಾಯದ ಲೈನು’ ಅಂತ ಇನ್ನೊಂದಿದೆ. ಅಲ್ಲಿ ಕುದುರೆ ಕಟ್ಟಿದ್ದನ್ನು ಕಣ್ಣಾರೆ ಕಂಡವರು ಈಗ ಯಾರೂ ಉಳಿದಿಲ್ಲ. ಹೆಸರು ಮಾತ್ರ ಉಳಿದಿದೆ. ನನ್ನ ಅಜ್ಜಿ ಇಪ್ಪತ್ತಾರು ವರ್ಷ ಆ ಲೈನಿನಲ್ಲಿ ಬಾಳಿದವರು. ಅಮ್ಮ ಹುಟ್ಟಿದ್ದು ಅಲ್ಲೇ.

ಶಂಕರಘಟ್ಟದಲ್ಲಿ ಸಂಶೋಧನೆಗೆ ಸೇರಿದಾಗ ಮಲೆನಾಡಿನ ಕಾಫಿ ತೋಟದ ಬಂಗಲೆಗಳ ಮೇಲೆ ಕೆಲಸ ಮಾಡಬೇಕೆಂದುಕೊಂಡಿದ್ದೆ. ಓದುತ್ತಾ ಹೋದಂತೆ ಬಂಗಲೆಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ ಎಂದು ಗೊತ್ತಾಯಿತು. ಬಂಗಲೆಯ ಹಿಂದಿನ ಅಂಗಳದಾಚೆ ನಿಂತ ಕಟ್ಟಡಗಳ ಬಗ್ಗೆ ಬರೆದವರು ಕಡಿಮೆ. ಅಡುಗೆಮನೆ, ಚಾಕರರ ಕೋಣೆ, ಗಾಡಿ ಕೊಟ್ಟಿಗೆ, ಕುದುರೆ ಲಾಯ. ನಾನು ಅತ್ತ ಹೊರಳಿದೆ. ಹಾಗೆ ಹೊರಳಿದ್ದರಿಂದ, ಇಂಗ್ಲಿಷರ ಲಾಯ ಎಂದರೆ ನಿಜಕ್ಕೂ ಏನು, ಅದನ್ನು ಹೇಗೆ ಯೋಚಿಸಿ ಕಟ್ಟುತ್ತಿದ್ದರು ಎಂಬುದನ್ನು ಮೊದಲಿನಿಂದ ಕಲಿಯಬೇಕಾಯಿತು.

ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಕೋಚ್‌ಹೌಸ್ ಮತ್ತು ಲಾಯ ಒಂದೇ ಕಟ್ಟಡದ ಎರಡು ಭಾಗ. ನಡುವೆ ಕಲ್ಲು ಹಾಸಿದ ಅಂಗಳ, ಅದರ ಸುತ್ತ ಕಟ್ಟಡ. ಒಂದು ಬದಿಯಲ್ಲಿ ಸಾರೋಟು ನಿಲ್ಲಿಸುವ ಕೋಣೆಗಳು, ಅವುಗಳಿಗೆ ಅಗಲವಾದ ಕಮಾನು ಬಾಗಿಲು. ಇನ್ನೊಂದು ಬದಿಯಲ್ಲಿ ಕುದುರೆಗಳು. ಕುದುರೆಯ ಮೇಲುಗಡೆ ಅಟ್ಟ, ಅಟ್ಟದಲ್ಲಿ ಹುಲ್ಲು. ಅಟ್ಟದ ನೆಲದಲ್ಲಿ ಒಂದು ಕಂಡಿ ಬಿಟ್ಟಿರುತ್ತಾರೆ, ಅದರಿಂದ ಹುಲ್ಲು ತಳ್ಳಿದರೆ ನೇರ ಕುದುರೆಯ ಮುಂದಿನ ಗೋದಲಿಗೆ ಬೀಳುತ್ತದೆ. ಕಿಟಕಿಗಳು ಗೋಡೆಯ ತೀರಾ ಮೇಲೆ, ಬೆಳಕು ಕುದುರೆಯ ಕಣ್ಣಿಗೆ ನೇರವಾಗಿ ಹೊಡೆಯಬಾರದು ಎಂದು. ಬಾಗಿಲು ಎರಡು ತುಂಡು. ಕೆಳಗಿನದನ್ನು ಮುಚ್ಚಿ ಮೇಲಿನದನ್ನು ತೆರೆದಿಟ್ಟರೆ ಕುದುರೆ ತಲೆ ಹೊರಹಾಕಿ ನಿಲ್ಲಬಹುದು. ಮಾಡಿನ ತುದಿಯಲ್ಲಿ ಪುಟ್ಟ ಗೋಪುರದಂಥದ್ದು ಕಾಣುತ್ತದೆ. ನೋಡಿದವರು ಅಲಂಕಾರ ಅಂದುಕೊಳ್ಳುತ್ತಾರೆ. ಅದು ಬಿಸಿಗಾಳಿ ಹೊರಹೋಗುವ ದಾರಿ.

ಎಲ್ಲಕ್ಕಿಂತ ಮುಖ್ಯವಾದದ್ದು ನೆಲ. ಕುದುರೆ ನಿಂತಲ್ಲೇ ಉಚ್ಚೆ ಹೊಯ್ಯುತ್ತದೆ. ಅದು ನಿಂತರೆ ಗೊರಸು ಕೊಳೆಯುತ್ತದೆ, ಅದರ ಘಾಟಿಗೆ ಕಣ್ಣು ಮತ್ತು ಶ್ವಾಸಕೋಶ ಕೆಡುತ್ತವೆ. ಆದ್ದರಿಂದ ನೆಲಕ್ಕೆ ಗಟ್ಟಿ ಇಟ್ಟಿಗೆ ಅಥವಾ ಕಲ್ಲು, ಅದರಲ್ಲಿ ಗೀರುಗಳು, ಗೀರುಗಳೆಲ್ಲ ಇಳಿಜಾರಿನಲ್ಲಿ ಸೇರುವ ಒಂದು ಕಾಲುವೆ. ಇಳಿಜಾರು ಜಾಸ್ತಿಯಾದರೆ ಕುದುರೆಯ ಕಾಲಿನ ನರಕ್ಕೆ ಪೆಟ್ಟು, ಕಡಿಮೆಯಾದರೆ ನೀರು ಹರಿಯುವುದಿಲ್ಲ. 1869ರಲ್ಲಿ ಫಿಟ್ಸ್‌ವಿಗ್ರಮ್ ಎಂಬ ಇಂಗ್ಲಿಷ್ ಸೇನಾಧಿಕಾರಿ ‘ಹಾರ್ಸಸ್ ಅಂಡ್ ಸ್ಟೇಬಲ್ಸ್’ ಎಂಬ ದಪ್ಪ ಪುಸ್ತಕವನ್ನೇ ಬರೆದ. ಗಾಳಿ, ಬೆಳಕು, ಚರಂಡಿ ಇವುಗಳ ಬಗ್ಗೆ ಅವನಿಗಿದ್ದ ಕಾಳಜಿ ನೋಡಿದರೆ ಮನೆ ಕಟ್ಟುವವರೂ ಓದಬೇಕಾದ ಪುಸ್ತಕ ಅದು.

ಇದರ ಜೊತೆಗೆ ಇನ್ನೊಂದು ಕೋಣೆ ಇರುತ್ತಿತ್ತು, ಜೀನು ಮತ್ತು ಲಗಾಮು ಇಡುವ ಕೋಣೆ. ಇಡೀ ಲಾಯದಲ್ಲಿ ಅಗ್ಗಿಷ್ಟಿಕೆ ಇದ್ದದ್ದು ಸಾಮಾನ್ಯವಾಗಿ ಆ ಕೋಣೆಗೆ. ಅದು ಚಾಕರರ ಚಳಿಗಲ್ಲ, ಚರ್ಮಕ್ಕೆ ಬೂಷ್ಟು ಹಿಡಿಯದಿರಲಿ ಎಂದು. ಕುದುರೆ ನೋಡಿಕೊಳ್ಳುವ ಹುಡುಗರು ಅಟ್ಟದಲ್ಲಿ, ಹುಲ್ಲಿನ ಪಕ್ಕದಲ್ಲಿ ಮಲಗುತ್ತಿದ್ದರು. ಲಂಡನ್ನಿನ ಸಾಲುಮನೆಗಳ ಹಿಂದಿನ ಓಣಿಗಳಲ್ಲಿ ಕೆಳಗೆ ಕುದುರೆ, ಮೇಲೆ ಸಾರೋಟು ಹೊಡೆಯುವವನ ಸಂಸಾರ. ಇಂಥ ಓಣಿಗಳಿಗೆ ‘ಮ್ಯೂಸ್’ ಎಂದು ಹೆಸರು. ಮೂಲದಲ್ಲಿ ಅದು ರಾಜರ ಬೇಟೆಯ ಗಿಡುಗಗಳನ್ನು ಇರಿಸುತ್ತಿದ್ದ ಜಾಗದ ಹೆಸರು. ಅಲ್ಲಿ ಮುಂದೆ ಕುದುರೆ ಬಂದವು, ಗಿಡುಗದ ಹೆಸರು ಹಾಗೇ ಉಳಿಯಿತು. ಈಗ ಕುದುರೆಗಳೂ ಹೋಗಿವೆ. ಆ ಓಣಿಯ ಮನೆಗಳು ಲಂಡನ್ನಿನ ದುಬಾರಿ ಮನೆಗಳ ಸಾಲಿಗೆ ಸೇರಿವೆ. ಲಾಯದ ಲೈನು ಅನ್ನುವ ಹೆಸರು ಕೇಳಿ ಬೆಳೆದ ನನಗೆ ಇದು ಅಷ್ಟೇನೂ ಹೊಸದೆನಿಸಲಿಲ್ಲ. ಇದ್ದವರು ಹೋದ ಮೇಲೂ ಅವರ ಹೆಸರು ಜಾಗಕ್ಕೆ ಅಂಟಿಕೊಂಡಿರುತ್ತದೆ.

ಲಾಯದ ಶಾಸ್ತ್ರ ಇಂಗ್ಲಿಷರದ್ದು ಮಾತ್ರ ಅಂತ ಯಾರೂ ತಿಳಿಯಬೇಕಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಲಾಯದ ಅಗಲ ಕುದುರೆಯ ಉದ್ದದ ಎರಡರಷ್ಟಿರಬೇಕು, ನಾಲ್ಕು ದಿಕ್ಕಿಗೂ ಬಾಗಿಲು ಬೇಕು, ನಡುವೆ ಕುದುರೆ ಹೊರಳಾಡಲು ಜಾಗ ಬೇಕು, ಉಚ್ಚೆ ಲದ್ದಿ ಹೊರಹೋಗಲು ದಾರಿ ಬೇಕು. ಕೋತಿ, ನವಿಲು, ಗಿಳಿ, ಗೊರವಂಕಗಳೂ ಅಲ್ಲಿರಬೇಕಂತೆ. ಎರಡು ಸಾವಿರ ವರ್ಷದ ಅಂತರ, ಬೇರೆ ಬೇರೆ ಖಂಡ. ಆದರೂ ಕೌಟಿಲ್ಯನೂ ಫಿಟ್ಸ್‌ವಿಗ್ರಮನೂ ಒಂದೇ ಪ್ರಾಣಿಯನ್ನು ನೋಡಿ, ಅದಕ್ಕೆ ಏನು ಬೇಕೆಂದು ಕೇಳಿಕೊಂಡು ಕಟ್ಟಡ ಶುರುಮಾಡಿದವರು.

ಈ ಇಂಗ್ಲಿಷ್ ಲಾಯ ಮೈಸೂರು ಸೀಮೆಗೆ ಬಂದದ್ದು ದಂಡಿನ ಜೊತೆಗೆ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ಶುರುವಾಯಿತು. ದೊಡ್ಡ ಕಾಂಪೌಂಡಿನ ನಡುವೆ ಬಂಗಲೆ, ಮುಂದೆ ಸಾರೋಟು ಬಂದು ನಿಲ್ಲುವ ಚಾವಣಿ, ಹಿಂದೆ ಮೂಲೆಯಲ್ಲಿ ಲಾಯ ಮತ್ತು ಚಾಕರರ ಕೋಣೆಗಳು. ಅಂಗಳದ ಸುತ್ತ ಕಟ್ಟುವ ಇಂಗ್ಲೆಂಡಿನ ನಕ್ಷೆ ಇಲ್ಲಿ ಬಿಚ್ಚಿ ಉದ್ದ ಸಾಲಾಯಿತು, ಅಟ್ಟ ಮಾಯವಾಯಿತು, ಮುಂದೊಂದು ಜಗಲಿ ಸೇರಿಕೊಂಡಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ಗೆ ಅರಬ್ಬಿ ಕುದುರೆಗಳೆಂದರೆ ಹುಚ್ಚು. ಅವನು ಇದ್ದ ಬಂಗಲೆಯೇ ಇವತ್ತಿನ ರಾಜಭವನ. ಕುದುರೆಯ ಮೇಲೆ ಕೂತ ಅವನ ಪ್ರತಿಮೆ ಬಹಳ ಕಾಲ ಅಠಾರ ಕಚೇರಿಯ ಮುಂದಿತ್ತು, 2020ರಲ್ಲಿ ಅದನ್ನು ರಾಜಭವನದ ಆವರಣಕ್ಕೆ ಸಾಗಿಸಿದರು. ಅಂತೂ ಸವಾರನೂ ಕುದುರೆಯೂ ತಮ್ಮ ಹಳೆಯ ಮನೆಗೆ ಮರಳಿದಂತಾಯಿತು. ಆ ಕುದುರೆಗಳಿಗೆ ಹುಲ್ಲು ಹಾಕಿದವರಿಗೆ ಪ್ರತಿಮೆ ಇಲ್ಲ, ಇರಬೇಕೆಂದು ನಾನು ಹೇಳುತ್ತಲೂ ಇಲ್ಲ. ಅವರು ಎಲ್ಲಿ ಮಲಗುತ್ತಿದ್ದರು ಎಂದಷ್ಟೇ ನನಗೆ ತಿಳಿಯಬೇಕಿತ್ತು.

ಮಲೆನಾಡಿಗೆ ಸಾರೋಟು ಬರಲಿಲ್ಲ. ಬರುವುದಕ್ಕೆ ರಸ್ತೆಯೇ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಚಿಕ್ಕಮಗಳೂರು, ಮಂಜರಾಬಾದಿನ ಕಾಡಿಗೆ ಬಂದ ಇಂಗ್ಲಿಷ್, ಸ್ಕಾಟಿಷ್ ಪ್ಲಾಂಟರುಗಳು ಕುದುರೆಯ ಮೇಲೋ, ಮೇನೆಯಲ್ಲೋ, ಕಮಾನುಗಾಡಿಯಲ್ಲೋ ಬಂದವರು. 1871ರಲ್ಲಿ ಮೈಸೂರಿನ ಕಾಡಿನ ತೋಟಗಾರಿಕೆಯ ಅನುಭವವನ್ನು ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದ ರಾಬರ್ಟ್ ಎಲಿಯಟ್ ಅಂಥವರಲ್ಲೊಬ್ಬ. ನಮ್ಮ ಕಡೆ ಚಕ್ರ ಎಂದರೆ ಎತ್ತಿನ ಗಾಡಿಯ ಚಕ್ರ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಆ ಕಾಡಿನ ದಾರಿಗೆ ಒಂದು ಬೈಸಿಕಲ್ಲು ಬಂದದ್ದೇ ಎಷ್ಟು ದೊಡ್ಡ ಬೆರಗಾಗಿತ್ತು ಎಂಬುದು ನೆನಪಿರುತ್ತದೆ. ಹಾಗಾಗಿ ಇಲ್ಲಿನ ಬಂಗಲೆಗಳಲ್ಲಿ ಲಾಯ ಮೊದಲು ಬಂತು. ಸಾರೋಟಿನ ಜಾಗದಲ್ಲಿ ಗಾಡಿ ಕೊಟ್ಟಿಗೆ ಇತ್ತು, ಮುಂದೆ ಅದೇ ಮೋಟಾರು ಶೆಡ್ಡಾಯಿತು.

ಇನ್ನು ಅಜ್ಜಿಯ ಲೈನಿಗೆ ಬರುತ್ತೇನೆ. ಬಾಳೆಹೊನ್ನೂರಿನಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ ಜಯಪುರ ಸಿಗುತ್ತದೆ. 1925ರಲ್ಲಿ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರ ತೆರೆಯಲು ಬಾಳೆಹೊನ್ನೂರಿನ ಬಳಿ ಜಾಗ ಆರಿಸಿಕೊಂಡಿತು ಎಂದರೆ ಈ ಮಣ್ಣು, ಈ ಮಳೆ ಕಾಫಿಗೆ ಎಂಥದು ಎಂದು ತಿಳಿಯುತ್ತದೆ. ನಾನು ಹೇಳುತ್ತಿರುವ ತೋಟದ ಹೆಸರು ಬೇಡ. ಅಲ್ಲಿ ನನ್ನ ತಮ್ಮ ಈಗಲೂ ಪಲ್ಪರ್ ಮನೆಯಲ್ಲಿ ಕೆಲಸ ಮಾಡುತ್ತಾನೆ.

ಆ ಲಾಯವನ್ನು ನಾನು ಟೇಪು ಹಿಡಿದು ಮೂರು ದಿನ ಅಳೆದೆ. ಒಟ್ಟು ಎಂಟು ಕೋಣೆಗಳ ಒಂದು ಸಾಲು. ಅದರಲ್ಲಿ ಆರು ಕುದುರೆಗಳಿಗೆ, ಒಂದೊಂದೂ 8 ಅಡಿ ಅಗಲ, 12 ಅಡಿ ಉದ್ದ. ಒಂದು ತುದಿಯಲ್ಲಿ ಅಗಲ ಬಾಗಿಲಿನ ಗಾಡಿ ಕೊಟ್ಟಿಗೆ. ಇನ್ನೊಂದು ತುದಿಯಲ್ಲಿ ಜೀನಿನ ಕೋಣೆ, ಅದರಲ್ಲಿ ಅಗ್ಗಿಷ್ಟಿಕೆ, ಗೋಡೆಯೊಳಗೇ ಮೇಲೇರುವ ಹೊಗೆಗೂಡು. ಗೋಡೆ ಜಂಬಿಟ್ಟಿಗೆಯದು. ಇಡೀ ಕಟ್ಟಡ ಎರಡೂವರೆ ಅಡಿ ಕಲ್ಲಿನ ಪಾಯದ ಮೇಲೆ ನಿಂತಿದೆ, ಮುಂದೆ ಉದ್ದಕ್ಕೂ ಜಗಲಿ. ಕಿಟಕಿಗಳು ನನ್ನ ತಲೆಗಿಂತ ಎತ್ತರದಲ್ಲಿವೆ. ಪ್ರತಿ ಕೋಣೆಯ ಹಿಂದಿನ ಗೋಡೆಯಲ್ಲಿ ಮೂರಡಿ ಎತ್ತರಕ್ಕೆ ಒಂದು ಕಬ್ಬಿಣದ ಬಳೆ ಹುಗಿದಿದ್ದಾರೆ. ನೆಲ ಚಪ್ಪಡಿಯದು, ಹಿಂದಿನ ಗೋಡೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ 2 ಅಂಗುಲ ಇಳಿಯುತ್ತದೆ. ಬಾಗಿಲ ಹೊರಗೆ ಕಲ್ಲಿನ ಕಾಲುವೆ, ಜಗಲಿಯ ಅಂಚಿನಗುಂಟ ಹರಿದು ತೋಟದ ಕಡೆಗೆ ಹೋಗುತ್ತದೆ. ಮಾಡಿಗೆ ಮಂಗಳೂರು ಹೆಂಚು.

ಅಳತೆಯ ಹಾಳೆಯಲ್ಲಿ ಒಂದು ಸಂಗತಿ ಎದ್ದು ಕಂಡಿತು. ಕುದುರೆಗೆ ಕೋಣೆ ಇದೆ, ಜೀನಿಗೆ ಕೋಣೆ ಇದೆ, ಗಾಡಿಗೆ ಕೋಣೆ ಇದೆ. ದಕ್ಷಿಣ ಭಾರತದ ಬ್ರಿಟಿಷರ ಮನೆಗಳಲ್ಲಿ ಒಂದು ಕುದುರೆ ಎಂದರೆ ಸಾಮಾನ್ಯವಾಗಿ ಇಬ್ಬರು ಆಳು. ಅದನ್ನು ನೋಡಿಕೊಳ್ಳಲು ಒಬ್ಬ, ಅದಕ್ಕೆ ಹುಲ್ಲು ಕೊಯ್ದು ತರಲು ಇನ್ನೊಬ್ಬರು. ಎಷ್ಟೋ ಕಡೆ ಹುಲ್ಲು ತರುವವಳು ಅವನ ಹೆಂಡತಿಯೇ. ಕುದುರೆಗೆ ದಿನಾ ಹುರುಳಿ ಬೇಯಿಸಬೇಕಿತ್ತು. ನಾವು ಕಟ್ಟಿನ ಸಾರು ಮಾಡಿಕೊಂಡು ಉಣ್ಣುವ ಹುರುಳಿಗೆ ಇಂಗ್ಲಿಷರು ಕುದುರೆಯ ಹೆಸರನ್ನೇ ಇಟ್ಟುಬಿಟ್ಟರು, ಹಾರ್ಸ್ ಗ್ರಾಮ್ ಎಂದು. ಆರು ಕುದುರೆಗೆ ಹನ್ನೆರಡು ಜನ ಇದ್ದರೆಂದುಕೊಂಡರೂ, ಆ ಹನ್ನೆರಡು ಜನಕ್ಕೆ ಈ ಕಟ್ಟಡದಲ್ಲಿ ಒಂದು ಮೂಲೆಯೂ ಇಲ್ಲ. ಹುಲ್ಲಿನ ಜೋಪಡಿ ಹಾಕಿಕೊಂಡಿದ್ದಿರಬಹುದು, ಜಗಲಿಯಲ್ಲಿ ಮಲಗಿದ್ದಿರಬಹುದು. ಕಲ್ಲಿನಲ್ಲಿ ಕಟ್ಟಿದ್ದು ಉಳಿಯುತ್ತದೆ, ಹುಲ್ಲಿನಲ್ಲಿ ಕಟ್ಟಿದ್ದು ಮುಂದಿನ ಮಳೆಗೆ ಹೋಗುತ್ತದೆ. ಹಂಪಿಯ ಆನೆಲಾಯಕ್ಕೆ ಹೋದಾಗಲೂ ನನಗೆ ಇದೇ ಹೊಳೆದಿತ್ತು. ಹನ್ನೊಂದು ಕೋಣೆ, ಬೇರೆ ಬೇರೆ ಆಕಾರದ ಗುಮ್ಮಟಗಳು, ಬಾಗಿಲಲ್ಲಿ ನಿಂತರೆ ತಂಪು ಗಾಳಿ. ಮಾವುತರ ಮನೆ ಎಲ್ಲಿತ್ತು ಎಂದು ಕೇಳಿದರೆ ತೋರಿಸಲು ಅಲ್ಲಿ ಏನೂ ಇಲ್ಲ.

ನಮ್ಮ ತೋಟದ ಇಂಗ್ಲಿಷರು ಸ್ವಾತಂತ್ರ್ಯ ಬಂದ ಕೆಲವು ವರ್ಷಕ್ಕೆ ತೋಟ ಮಾರಿ ಹೋದರು. ಅಷ್ಟರಲ್ಲಾಗಲೇ ಜೀಪು ಬಂದಿತ್ತು, ಲಾಯ ಖಾಲಿ ಬಿದ್ದಿತ್ತು. 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂದು, ಕೆಲಸಗಾರರಿಗೆ ಮನೆ, ಕುಡಿಯುವ ನೀರು, ಕಕ್ಕಸು ಕೊಡುವುದು ಮಾಲೀಕರ ಹೊಣೆ ಎಂದಾಯಿತು. ಹೊಸ ಮನೆ ಕಟ್ಟುವ ಬದಲು ಖಾಲಿ ಲಾಯದ ಬಾಗಿಲಿಗೆ ಹಲಗೆ ಬಡಿದು, ಒಳಗೊಂದು ಒಲೆ ಹಾಕಿ, ಘಟ್ಟದ ಕೆಳಗಿನಿಂದ ಮೇಸ್ತ್ರಿ ಕರೆತಂದ ಸಂಸಾರಗಳನ್ನು ಅದರೊಳಗೆ ಬಿಟ್ಟರು. ಬೆಳ್ತಂಗಡಿ ಕಡೆಯಿಂದ ಮುಂಗಡ ಹಣ ಪಡೆದು ಬಂದ ಅಜ್ಜ ಅಜ್ಜಿಗೆ ಮೂರನೇ ಕೋಣೆ ಸಿಕ್ಕಿತು.

ಲೈನು ಎಂಬ ಮಾತು ನಮ್ಮ ಬಾಯಲ್ಲಿ ಎಷ್ಟು ಹದವಾಗಿ ಕೂತಿದೆಯೆಂದರೆ ಅದು ಇಂಗ್ಲಿಷ್ ಅನಿಸುವುದೇ ಇಲ್ಲ. ದಂಡಿನಲ್ಲಿ ಕುದುರೆಗಳನ್ನು ಸಾಲಾಗಿ ಕಟ್ಟುವ ಜಾಗಕ್ಕೆ ಹಾರ್ಸ್ ಲೈನ್ಸ್ ಎನ್ನುತ್ತಿದ್ದರು, ಸಿಪಾಯಿಗಳು ಸಾಲಾಗಿ ಇರುವ ಜಾಗಕ್ಕೂ ಲೈನ್ಸ್. ಸಿಲೋನಿನಲ್ಲಿ, ಅಸ್ಸಾಮಿನಲ್ಲಿ, ನಮ್ಮ ಮಲೆನಾಡಿನಲ್ಲಿ ಕೂಲಿಯವರನ್ನು ಇರಿಸಿದ ಸಾಲುಕೋಣೆಗೂ ಅದೇ ಹೆಸರು ಬಂತು. ನಕ್ಷೆ ಬರೆದು ಪಕ್ಕಪಕ್ಕ ಇಟ್ಟರೆ ಲಾಯ ಯಾವುದು ಲೈನು ಯಾವುದು ಎಂದು ಕೂಡಲೇ ಹೇಳುವುದು ಕಷ್ಟ. ಎರಡಕ್ಕೂ ಒಂದೇ ಸಾಲು, ಒಂದೇ ಬದಿಗೆ ಬಾಗಿಲು, ಮುಂದೊಂದು ಜಗಲಿ, ಮೇಸ್ತ್ರಿ ಒಂದು ತುದಿಯಲ್ಲಿ ನಿಂತರೆ ಎಲ್ಲ ಬಾಗಿಲೂ ಕಾಣಬೇಕು. ಇದನ್ನು ಕಂಡುಕೊಂಡಾಗ ನನ್ನ ಪ್ರಬಂಧದ ಒಂದು ಅಧ್ಯಾಯ ಮುಗಿದೇಹೋಯಿತು ಅನಿಸಿತ್ತು. ಮನುಷ್ಯರನ್ನು ಕುದುರೆಗಳಂತೆ ಇರಿಸಿದರು, ಅಷ್ಟೇ ತಾನೇ?

ಅಮ್ಮನಿಗೆ ನಕ್ಷೆ ತೋರಿಸಿದೆ. ಅವಳು ಬೆರಳಿಟ್ಟು ಮೂರನೇ ಕೋಣೆ ಹುಡುಕಿಕೊಂಡಳು. ಆಮೇಲೆ ಹೇಳಿದಳು, “ಬೇರೆ ಲೈನಿಗಿಂತ ನಮ್ದೇ ಒಳ್ಳೇದಿತ್ತು ಮಾರಾಯ್ತಿ. ಕೆರೆ ಲೈನಿನವ್ರೆಲ್ಲ ನಮ್ಮನ್ನ ನೋಡಿ ಹೊಟ್ಟೆ ಉರ್ಕೊಳ್ತಿದ್ರು.”

“ಎಂತಕ್ಕೆ?”

“ಎಂತಕ್ಕೆ ಅಂದ್ರೆ? ಮಳೆಗಾಲದಲ್ಲಿ ಅವ್ರ ಮನೆ ನೆಲದಲ್ಲಿ ನೀರು ಏಳ್ತಿತ್ತು. ನಮ್ದು ಎತ್ತರ. ಒಂದು ಕೊಡ ನೀರು ಚೆಲ್ಲಿದ್ರೂ ತನ್ನಷ್ಟಕ್ಕೆ ಬಾಗಿಲಿಗೆ ಹೋಗ್ತಿತ್ತು. ಹೊಗೆ ನಿಲ್ತಿರ್ಲಿಲ್ಲ. ಯಾರಾದ್ರೂ ಬಿಟ್ಟು ಹೋದ್ರೆ ಆ ಕೋಣೆಗೆ ಜಗಳವೇ ಆಗ್ತಿತ್ತು.”

ನನ್ನ ಅಧ್ಯಾಯ ಅಲ್ಲಿಗೆ ಬಿಚ್ಚಿಕೊಂಡಿತು. ಕೆರೆ ಲೈನನ್ನು ಮನುಷ್ಯರಿಗೆಂದೇ ಕಟ್ಟಿದ್ದು. ಅದನ್ನೂ ಹೋಗಿ ಅಳೆದೆ. ಅದರ ಪಾಯ ಅರ್ಧ ಅಡಿಯೂ ಇಲ್ಲ, ನೆಲ ಮಣ್ಣಿನದು, ಮಾಡು ತಗ್ಗು, ಹೊಗೆ ಹೋಗಲು ಕಂಡಿ ಇಲ್ಲ. ಆ ತೋಟದಲ್ಲಿ ಕೆಲಸಗಾರರಿಗೆ ಸಿಕ್ಕ ಅತ್ಯುತ್ತಮ ಮನೆ ಎಂದರೆ ಕುದುರೆಗೆಂದು ಕಟ್ಟಿದ್ದ ಮನೆ. ಮನುಷ್ಯರನ್ನು ಕುದುರೆಗಳಂತೆ ಇರಿಸಿದರು ಎಂದು ನಾನು ಬರೆಯಲು ಹೊರಟಿದ್ದೆ. ಕುದುರೆಯಂತೆ ಇರಿಸಿಕೊಂಡವರು ಎಂಟು ಸಂಸಾರ ಮಾತ್ರ, ಉಳಿದವರಿಗೆ ಅಷ್ಟೂ ಸಿಗಲಿಲ್ಲ. ಕುದುರೆಗೆ ದುಡ್ಡು ಕೊಟ್ಟು ತರಬೇಕಿತ್ತು, ಸತ್ತರೆ ಇನ್ನೊಂದಕ್ಕೆ ದುಡ್ಡು ಹಾಕಬೇಕಿತ್ತು. ಕೂಲಿಯವರು ಜ್ವರ ಬಂದು ಮಲಗಿದರೆ ಮೇಸ್ತ್ರಿ ಘಟ್ಟ ಇಳಿದು ಇನ್ನಷ್ಟು ಜನರನ್ನು ತರುತ್ತಿದ್ದ. ಆ 2 ಅಂಗುಲದ ಇಳಿಜಾರಿನ ಹಿಂದೆ ಇರುವುದು ಈ ಲೆಕ್ಕ.

ಗೋಡೆಯ ಬಳೆಯ ಕತೆಯನ್ನೂ ಅಮ್ಮನೇ ಹೇಳಿದ್ದು. ಐವತ್ತು ಮತ್ತು ಅದಕ್ಕಿಂತ ಹೆಚ್ಚು ಹೆಂಗಸರು ಕೆಲಸಕ್ಕಿದ್ದರೆ ತೋಟದಲ್ಲಿ ಶಿಶುಮನೆ ಇರಬೇಕು ಎಂದು 1951ರ ಕಾಯ್ದೆ ಹೇಳುತ್ತಿತ್ತು. ನಮ್ಮ ತೋಟದಲ್ಲಿ ಅಷ್ಟು ಹೆಂಗಸರು ಇರಲಿಲ್ಲ. ಅಂಬೆಗಾಲಿಡುವ ಮಾವನನ್ನು ಒಲೆಯ ಹತ್ತಿರ ಹೋಗದ ಹಾಗೆ ಹಳೇ ಸೀರೆಯ ತುಂಡಿನಿಂದ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಆ ಬಳೆಗೆ ಗಂಟು ಹಾಕಿ ಅಜ್ಜಿ ಹಣ್ಣು ಕೊಯ್ಯಲು ಹೋಗುತ್ತಿದ್ದರಂತೆ. ಕಾವಲಿಗೆ ಐದು ವರ್ಷದ ನನ್ನಮ್ಮ. ಇದನ್ನು ಹೇಳುವಾಗ ಅಮ್ಮನ ದನಿಯಲ್ಲಿ ಅಳು ಇರಲಿಲ್ಲ. “ಬಳೆ ಗಟ್ಟಿ ಇತ್ತು. ಅವನು ಎಷ್ಟು ಎಳೆದ್ರೂ ಬರ್ತಿರ್ಲಿಲ್ಲ” ಎಂದು ನಕ್ಕಳು.

ಇನ್ನು ಆ ಜೀನಿನ ಕೋಣೆ. ಅಗ್ಗಿಷ್ಟಿಕೆ ಇದ್ದ ಆ ಕೋಣೆಯನ್ನು ಲೈನಿನವರು ಯಾವ ಸಂಸಾರಕ್ಕೂ ಬಿಟ್ಟುಕೊಡದೆ ಎಲ್ಲರಿಗೂ ಸೇರಿದ ಬಾಣಂತಿ ಕೋಣೆ ಮಾಡಿಕೊಂಡಿದ್ದರು. ಆಷಾಢದ ಮಳೆಯಲ್ಲಿ ಹತ್ತು ದಿನ ಬಿಸಿಲು ಕಾಣದ ಊರಿದು. ಕೂಸಿನ ಬಟ್ಟೆ ಒಣಗುವ ಒಂದೇ ಜಾಗ ಅದಾಗಿತ್ತು. ಜೀನಿಗೆ ಬೂಷ್ಟು ಹಿಡಿಯಬಾರದೆಂದು ಯಾರೋ ಇಂಗ್ಲಿಷ್ ನಕ್ಷೆ ನೋಡಿ ಕಟ್ಟಿಸಿದ ಬೆಂಕಿಗೂಡಿನ ಮುಂದೆ ನನ್ನಮ್ಮ ಹುಟ್ಟಿದಳು. ಅಲ್ಲಿ ಹುಟ್ಟಿದವರನ್ನು ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. ಹನ್ನೊಂದು.

ಇದನ್ನೆಲ್ಲ ಬರೆಯುತ್ತಿದ್ದಾಗ ನನ್ನ ಮೇಜಿನ ಮೇಲೆ ಇನ್ನೊಂದು ಲಾಯದ ಚಿತ್ರವಿತ್ತು. ಇಂಗ್ಲೆಂಡಿನ ಬ್ರೈಟನ್ ಊರಿನದು. ಮುಂದೆ ನಾಲ್ಕನೇ ಜಾರ್ಜ್ ಎಂಬ ಹೆಸರಿನಿಂದ ದೊರೆಯಾದ ರಾಜಕುಮಾರನಿಗಾಗಿ ವಿಲಿಯಂ ಪೋರ್ಡನ್ ಎಂಬ ವಾಸ್ತುಶಿಲ್ಪಿ 1803ರಿಂದ 1808ರ ನಡುವೆ ಅದನ್ನು ಕಟ್ಟಿದ. ಸುಮಾರು 80 ಅಡಿ ವ್ಯಾಸದ ದೊಡ್ಡ ಗುಮ್ಮಟ, ಅದರಡಿ ಸುತ್ತಲೂ ಕುದುರೆಗಳ ಕೋಣೆ, ಮೇಲಿನ ಸುತ್ತಿನಲ್ಲಿ ಚಾಕರರ ಕೋಣೆ. ಹೊರಗಿನಿಂದ ನೋಡಿದರೆ ದಿಲ್ಲಿ ಕಡೆಯ ಮಸೀದಿಯ ನೆನಪಾಗುತ್ತದೆ. ಪೋರ್ಡನ್ ಭಾರತಕ್ಕೆ ಬಂದವನಲ್ಲ. ಡೇನಿಯಲ್ ಚಿತ್ರಕಾರರು ಭಾರತ ಸುತ್ತಿ ಬರೆದು ಅಚ್ಚು ಹಾಕಿಸಿದ್ದ ಚಿತ್ರಗಳನ್ನು ನೋಡಿ ಮಾಡಿದ್ದು. ದೊರೆಮಗನ ಮನೆಗಿಂತ ಅವನ ಕುದುರೆಗಳ ಮನೆಯೇ ಚೆನ್ನಾಗಿದೆ ಎಂದು ಜನ ನಗುತ್ತಿದ್ದರಂತೆ. 1867ರಲ್ಲಿ ಅದು ಸಂಗೀತ ಸಭೆಯಾಯಿತು. ಮೊದಲ ಮಹಾಯುದ್ಧ ಶುರುವಾದಾಗ, 1914ರ ಕೊನೆಯಲ್ಲಿ, ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಭಾರತದ ಸಿಪಾಯಿಗಳಿಗೆ ಅದೇ ಆಸ್ಪತ್ರೆಯಾಯಿತು. ಜಾತಿ ಧರ್ಮ ನೋಡಿ ಒಂಬತ್ತು ಅಡುಗೆಮನೆ ಮಾಡಿದ್ದರು.

ಆ ಚಿತ್ರದಲ್ಲಿ ಗುಮ್ಮಟದಡಿ ಸಾಲುಸಾಲು ಮಂಚಗಳು. ನೋಡಲಿಕ್ಕೆ ಭವ್ಯವಾಗಿದೆ. ಭಾರತದ ಆಕಾರದಲ್ಲಿ ಕುದುರೆಗೆಂದು ಕಟ್ಟಿದ ಮನೆಯಲ್ಲಿ ಭಾರತದಿಂದ ಬಂದವರು ಮಲಗಿದ್ದಾರೆ. ಅವಮಾನ ಮಾಡಲೆಂದು ಅವರನ್ನು ಅಲ್ಲಿ ಮಲಗಿಸಿದ್ದಲ್ಲ. ಎತ್ತರವಾದ, ಗಾಳಿಯಾಡುವ, ದೊಡ್ಡ ಜಾಗ ಬೇಕಿತ್ತು, ಅದು ಅಲ್ಲಿತ್ತು. ಅಮ್ಮ ಹೇಳಿದ ಮಾತೇ ಅದು. ಕುದುರೆಗೆ ಒಳ್ಳೆಯದಾದದ್ದು ಮನುಷ್ಯನಿಗೂ ಒಳ್ಳೆಯದಾಗಿತ್ತು. ಅದನ್ನು ಮೊದಲೇ ಮನುಷ್ಯನಿಗೆಂದು ಯಾಕೆ ಕಟ್ಟಲಿಲ್ಲ ಎಂಬ ಪ್ರಶ್ನೆ ಬ್ರೈಟನ್ನಿಗೂ ಜಯಪುರಕ್ಕೂ ಒಂದೇ.

ಹೋದ ವರ್ಷ ತೋಟದ ಯಜಮಾನರ ಮಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದರು. ಲಾಯದ ಲೈನು ಖಾಲಿಯಾಗಿ ಎಷ್ಟೋ ವರ್ಷವಾಗಿತ್ತು. ಈಗ ಅದನ್ನು ಹೋಂಸ್ಟೇ ಮಾಡುತ್ತಿದ್ದಾರೆ. ನಾನು ಅಳತೆಗೆ ಹೋದಾಗ ಅವರೇ ಏಣಿ ಹಿಡಿದು ನಿಂತಿದ್ದರು, ಒಳ್ಳೆಯ ಮನುಷ್ಯ. ಗೋಡೆಗೆ ಒಂದು ಫಲಕ ಹಾಕಬೇಕು, ನೀವೇ ಬರೆದುಕೊಡಿ ಎಂದರು. ತಲೆಬರಹವನ್ನು ಅವರೇ ಯೋಚಿಸಿದ್ದರು, ‘ಇಂಗ್ಲಿಷ್ ಲಾಯ, 1865’. ಇಸವಿ ಎಲ್ಲಿಂದ ಸಿಕ್ಕಿತು ಎಂದರೆ ಒಂದು ಹೆಂಚು ತಂದು ತೋರಿಸಿದರು. ಅದರ ಮೇಲೆ ಬಾಸೆಲ್ ಮಿಷನ್ನಿನ ಹೆಸರಿನ ಜೊತೆ 1865 ಎಂದು ಅಚ್ಚೊತ್ತಿತ್ತು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಈ ಮನೆ ಕಟ್ಟಿದ ವರ್ಷವಲ್ಲ ಎಂದೆ. ಅವರ ಮುಖ ಸಪ್ಪೆಯಾಯಿತು.

ಫಲಕಕ್ಕೆ ನಾನು ಬರೆದುಕೊಟ್ಟದ್ದು ಮೂರು ಸಾಲು. ಈ ಕಟ್ಟಡವನ್ನು ತೋಟದ ಬ್ರಿಟಿಷ್ ಮಾಲೀಕರು ಆರು ಕುದುರೆಗಳಿಗಾಗಿ ಕಟ್ಟಿಸಿದರು. ಸ್ವಾತಂತ್ರ್ಯಾನಂತರ ಹಲವು ದಶಕ ಇದರಲ್ಲಿ ತೋಟದ ಕೆಲಸಗಾರರ ಎಂಟು ಸಂಸಾರಗಳು ಬಾಳಿದವು. ಜೀನಿನ ಕೋಣೆ ಅವರ ಬಾಣಂತಿ ಕೋಣೆಯಾಗಿತ್ತು, ಅಲ್ಲಿ ಹನ್ನೊಂದು ಮಕ್ಕಳು ಹುಟ್ಟಿದರು.

ಅವರು ಎರಡು ಸಲ ಓದಿದರು. “ಮೊದಲನೇ ಸಾಲು ಸಾಕಲ್ವಾ?” ಎಂದರು. “ಇದನ್ನೆಲ್ಲ ಓದಿದ ಮೇಲೆ ರೂಮಿಗೆ ದುಡ್ಡು ಕೊಟ್ಟು ಬಂದವ್ರು ಒಳಗೆ ಹ್ಯಾಗೆ ಮಲಗೋದು ಹೇಳಿ?”

ಅದು ವ್ಯಂಗ್ಯವಲ್ಲ, ನಿಜವಾದ ಪ್ರಶ್ನೆ. ನನ್ನ ಹತ್ತಿರ ತಯಾರಾದ ಉತ್ತರ ಇರಲಿಲ್ಲ. ಹನ್ನೊಂದು ಮಕ್ಕಳು ಹುಟ್ಟಿದ ಕೋಣೆಯಲ್ಲಿ ನಿದ್ದೆ ಬರಬಾರದು ಅಂತೇನಿಲ್ಲ, ನಮ್ಮಮ್ಮನ ಬಾಲ್ಯದ ನಿದ್ದೆಯೆಲ್ಲ ಅಲ್ಲೇ ಆದದ್ದು ಎಂದೆ. ಅವರು ಆಗ ಸುಮ್ಮನಾದರು. ತಮ್ಮ ಅದೇ ತೋಟದಲ್ಲಿ ಕೆಲಸಕ್ಕಿರುವಾಗ ನಾನು ಇನ್ನೂ ಒತ್ತಿ ಹೇಳಬಹುದಿತ್ತೇ, ಹೇಳಬಾರದಿತ್ತೇ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದ್ದೇನೆ. ಮೂರು ಸಾಲಿನ ಹಾಳೆಯನ್ನು ವಾಪಸು ಪಡೆಯಲಿಲ್ಲ. ಒಂದು ಸಾಲಿನ ಫಲಕಕ್ಕೆ ನನ್ನ ಹೆಸರು ಹಾಕಬೇಡಿ ಎಂದಷ್ಟೇ ತಿಳಿಸಿದೆ. ಫಲಕ ಇನ್ನೂ ಬಂದಿಲ್ಲ.

ಅಮ್ಮನಿಗೆ ಫಲಕದ ಚಿಂತೆ ಇಲ್ಲ. “ಬರೆದ್ರೆ ಬರೀಲಿ, ಬಿಟ್ರೆ ಬಿಡ್ಲಿ. ಆ ಅಗ್ಗಿಷ್ಟಿಕೆ ಮಾತ್ರ ಕೀಳ್ಬೇಡಿ ಅಂತ ಸಣ್ಣ ಸಾಹುಕಾರ್ರಿಗೆ ಹೇಳು. ಮಳೆಗಾಲದಲ್ಲಿ ಬಂದವ್ರಿಗೂ ಬೇಕಾಗ್ತದೆ” ಎಂದಳು. ಹೇಳಿದೆ. ಅವರು ಒಪ್ಪಿದರು.

ನೆಲದ ವಿಷಯಕ್ಕೆ ಮಾತ್ರ ತಡವಾಗಿತ್ತು. ಸ್ನಾನದ ಮನೆಯ ಪೈಪು ಹಾಕಲು, ಮಂಚ ಅಲ್ಲಾಡದ ಹಾಗೆ ಮಾಡಲು, ಚಪ್ಪಡಿಯ ಮೇಲೆ ಕಾಂಕ್ರೀಟು ತುಂಬಿ ಮಟ್ಟ ಮಾಡಿ ಟೈಲ್ಸ್ ಹಾಕಿಯಾಗಿದೆ. ಈಗ ಅಲ್ಲಿ ಒಂದು ಲೋಟ ನೀರು ಚೆಲ್ಲಿದರೆ ಬಿದ್ದಲ್ಲೇ ನಿಲ್ಲುತ್ತದೆ. ನನ್ನ ಪ್ರಬಂಧದ ನಕ್ಷೆಯಲ್ಲಿ ಆ ಎಂಟು ಕೋಣೆಗಳಿಗೂ ಎರಡೆರಡು ಹೆಸರು ಬರೆದಿದ್ದೇನೆ, ಕುದುರೆ ಇದ್ದಾಗಿನದು ಮತ್ತು ಜನ ಇದ್ದಾಗಿನದು. ಆರು ಕೋಣೆಗಳ ಹಿಂದಿನ ಗೋಡೆಯಿಂದ ಬಾಗಿಲ ಕಡೆಗೆ ಒಂದೊಂದು ಸಣ್ಣ ಬಾಣದ ಗುರುತು ಹಾಕಿ, ಪಕ್ಕದಲ್ಲಿ ‘12 ಅಡಿಗೆ 2 ಅಂಗುಲ’ ಎಂದು ಬರೆದಿದ್ದೇನೆ.